ಗೋಡೆಯಾಚೆಗಿನ ಬಂದರು

ಕಾರವಾರಕ್ಕೆ ನೌಕಾನೆಲೆ ನೋಡಲು ಹೋದವರಿಗೆ ನೌಕಾನೆಲೆ ಕಾಣುವುದಿಲ್ಲ. ಇದನ್ನು ನಮಗೆ ಬೆಳಿಗ್ಗೆ ಎಂಟು ಗಂಟೆಗೇ ಹೇಳಿಬಿಟ್ಟವನು ನಮ್ಮನ್ನು ಒಂದು ದಿನ ಊರು ಸುತ್ತಿಸಲು ಗೊತ್ತುಮಾಡಿಕೊಂಡಿದ್ದ ಗೈಡ್. ಇಪ್ಪತ್ತೈದು ವರ್ಷವೂ ದಾಟಿರದ ಹುಡುಗ. "ಸದಾಶಿವಗಡ, ಟ್ಯಾಗೋರ್ ಕಡಲತೀರ, ಚಪಲ್ ಯುದ್ಧನೌಕೆ, ಮಧ್ಯಾಹ್ನ ಮೀನೂಟ, ಆಮೇಲೆ ಹೈವೇ ಮೇಲೆ ಅಂಕೋಲಾ ಕಡೆ. ಬೇಸ್ ಒಳಗೆ ಬಿಡೂದಿಲ್ಲ ಸರ್, ಅದನ್ನ ಮೊದಲೇ ಹೇಳ್ತೇನೆ" ಎಂದ. ನನ್ನ ಜೊತೆ ಮುಳಬಾಗಿಲು ಕಡೆಯ ಹದಿನಾಲ್ಕು ಜನ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಒಂಬತ್ತು ಮಂದಿ ಅದೇ ಮೊದಲು ಕಡಲು ಕಂಡವರು.

ನಮ್ಮದು ದೇವರಾಯಸಮುದ್ರ. ಹೆಸರಿನಲ್ಲೇ ಸಮುದ್ರವಿದ್ದರೂ ಅದು ಕೆರೆಯ ಸಮುದ್ರ. ಹಳೇಬೀಡಿಗೆ ದೋರಸಮುದ್ರವೆಂಬ ಹೆಸರಿತ್ತಲ್ಲ, ಆ ಬಗೆಯದು. ಬಯಲುಸೀಮೆಯ ರಾಜರೂ ಪಾಳೆಯಗಾರರೂ ಏರಿ ಕಟ್ಟಿ ನಿಲ್ಲಿಸಿದ ನೀರನ್ನೆಲ್ಲ ಸಮುದ್ರವೆಂದೋ ಸಾಗರವೆಂದೋ ಕರೆದರು. ಆದ್ದರಿಂದ ಕರ್ನಾಟಕದ ಇತಿಹಾಸವೆಂದರೆ ನಮಗೆ ಕೋಟೆ, ಕೆರೆ, ಶಾಸನ. ಕಡಲಿನ ಇತಿಹಾಸ ನಮ್ಮ ಪಠ್ಯದಲ್ಲಿ ಒಂದೆರಡು ಪುಟಕ್ಕೆ ಮುಗಿಯುತ್ತದೆ. ಕಾರವಾರಕ್ಕೆ ಹೊರಟದ್ದಕ್ಕೆ ಇದೂ ಒಂದು ಕಾರಣ.

ಸದಾಶಿವಗಡದ ಗುಡ್ಡ ಕಾಳಿ ನದಿಯ ಉತ್ತರ ದಡದಲ್ಲಿದೆ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಸೋದೆಯ ಅರಸ ಬಸವಲಿಂಗ ಇಲ್ಲಿ ಕೋಟೆ ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರಿಟ್ಟ. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು, ಮುಂದೆ ಅದು ಹಲವು ಕೈ ಬದಲಾಯಿಸಿತು. ಈಗ ಕೋಟೆಯಾಗಿ ನೋಡುವಂಥದ್ದು ಹೆಚ್ಚೇನೂ ಉಳಿದಿಲ್ಲ, ನೋಡಬೇಕಾದದ್ದು ಅಲ್ಲಿಂದ ಕಾಣುವ ನೋಟ. ಕೆಳಗೆ ಕಾಳಿ ಕಡಲು ಸೇರುವ ಅಳಿವೆ. ಅದರ ಮೇಲೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಹಳೆಯ ಸೇತುವೆಯ ಜಾಗ, ಪಕ್ಕದಲ್ಲಿ ಹೊಸ ಸೇತುವೆ. ಪಶ್ಚಿಮಕ್ಕೆ ಕೂರ್ಮಗಡ, ದೇವಗಡ ದ್ವೀಪಗಳು. ಕೂರ್ಮಗಡದ ನರಸಿಂಹನ ಜಾತ್ರೆಗೆ ವರ್ಷಕ್ಕೊಮ್ಮೆ ಜನ ದೋಣಿ ಏರಿ ಹೋಗಿ ಬಾಳೆಗೊನೆ ಒಪ್ಪಿಸುತ್ತಾರೆ. ಈ ದ್ವೀಪಗಳು ತೆರೆಯ ಹೊಡೆತವನ್ನು ತಡೆಯುತ್ತವೆ, ಬೆನ್ನಿಗೆ ಸಹ್ಯಾದ್ರಿ ಕಡಲಿನವರೆಗೂ ಚಾಚಿ ಬಂದಿದೆ. 1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಕಂಪನಿಯವರು ಮೆಣಸಿನ ವ್ಯಾಪಾರಕ್ಕಾಗಿ ಕಾಳಿಯ ದಡದ ಕಡವಾಡದಲ್ಲಿ ಕೋಠಿ ಹಾಕಿದರು. ಅವರಿಗೆ ಒಪ್ಪಿದ ಜಾಗ ಮೂರೂವರೆ ಶತಮಾನದ ನಂತರ ನೌಕಾಪಡೆಗೂ ಒಪ್ಪಿತು.

ಎಲ್ಲಕ್ಕಿಂತ ದೊಡ್ಡ ಕಥೆ ಇರುವ ದ್ವೀಪವನ್ನು ಗೈಡ್ ಬೆರಳು ಮಾಡಿ ತೋರಿಸಿದ. ನಮಗೆ ಕಂಡದ್ದು ಬರಿಯ ಗುಡ್ಡ. "ಅದರ ಹಿಂದೆ, ದಕ್ಷಿಣಕ್ಕೆ, ಅಂಜದೀವ್" ಎಂದ. ಕಾರವಾರದ ಮಗ್ಗುಲಲ್ಲೇ ಇದ್ದರೂ ಕಂದಾಯದ ಲೆಕ್ಕದಲ್ಲಿ ಅದು ಗೋವಾಕ್ಕೆ ಸೇರಿದ್ದು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1505ರಲ್ಲಿ ಅಲ್ಮೇಡ ಕೋಟೆ ಕಟ್ಟಿಸಲು ತೊಡಗಿದ, ಮರುವರ್ಷವೇ ಅದನ್ನು ಪೋರ್ಚುಗೀಸರು ತಾವೇ ಕೆಡವಿ ಹೊರಟರು.

ಅಂಜದೀವಿನ ಅತ್ಯಂತ ದುಃಖದ ಅಧ್ಯಾಯ ಮುಂಬಯಿಗೆ ಸಂಬಂಧಿಸಿದ್ದು. 1661ರ ಮದುವೆ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಜೊತೆ ಮುಂಬಯಿ ದ್ವೀಪವೂ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ನಿಗೆ ಬರಬೇಕಿತ್ತು. ಅದನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ಸೈನ್ಯ ಕರೆತಂದ. ಇಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರದ ನೆಪ ಹೇಳಿ ದ್ವೀಪ ಬಿಟ್ಟುಕೊಡಲಿಲ್ಲ. ಇಳಿಯಲು ಬೇರೆ ನೆಲೆ ಸಿಗದೆ ಸೈನ್ಯ ಅಂಜದೀವಿಗೆ ಬಂದು ಕಾಯಿತು. ಮಳೆಗಾಲ, ಜ್ವರ, ಸರಿಯಾದ ಸೂರಿಲ್ಲ. 1664ರಲ್ಲಿ ಶಿಪ್‌ಮನ್ ಸತ್ತ, ಅವನ ಸೈನಿಕರಲ್ಲಿ ಬಹುಪಾಲು ಜನ ಅಲ್ಲೇ ಮಣ್ಣಾದರು. 1665ರ ಫೆಬ್ರವರಿಯಲ್ಲಿ ಉಳಿದ ಬೆರಳೆಣಿಕೆಯವರನ್ನು ಕರೆದುಕೊಂಡು ಹೋಗಿ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಂಡ. ಮುಂಬಯಿಯ ಚರಿತ್ರೆ ಓದುವವರು ಮದುವೆಯ ಬಳುವಳಿಯ ಕಥೆಯನ್ನು ರುಚಿಯಾಗಿ ಓದುತ್ತಾರೆ, ಅದರ ಗೋರಿಗಳು ನಮ್ಮ ಕಾರವಾರದ ಎದುರಿಗಿವೆ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ.

ಇನ್ನೊಂದು ಅಧ್ಯಾಯ 1961ರದು. ಆ ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸ್ ಕಾವಲಿನವರು ಸಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ, ಕೆಲವು ದಿನಗಳ ನಂತರ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ಮೀನುಗಾರನೊಬ್ಬ ಸತ್ತ. ಡಿಸೆಂಬರ್ 18ರಂದು ಗೋವಾ ಕಾರ್ಯಾಚರಣೆಯ ಭಾಗವಾಗಿ ನಮ್ಮ ನೌಕಾಪಡೆಯವರು ಅಂಜದೀವಿನಲ್ಲಿ ಇಳಿದರು. ಬಂದ ಎರಡು ಹಡಗುಗಳಲ್ಲಿ ಒಂದು ತ್ರಿಶೂಲ್, ಇನ್ನೊಂದು ಮೈಸೂರು. ಆ ಹೆಸರು ಕೇಳಿ ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು. ಅದು ಬ್ರಿಟಿಷರ ನೈಜೀರಿಯಾ ಎಂಬ ಕ್ರೂಸರ್. 1957ರಲ್ಲಿ ಭಾರತಕ್ಕೆ ಬಂದು ಮೈಸೂರು ಆಯಿತು. ಅಂದಿನ ಕಾದಾಟದಲ್ಲಿ ಏಳು ಜನ ನಾವಿಕರು ತೀರಿಕೊಂಡರು. ಅವರ ಸ್ಮಾರಕವೂ ದ್ವೀಪದಲ್ಲೇ ಇದೆ, ಆದರೆ ದ್ವೀಪವೇ ಈಗ ನೌಕಾನೆಲೆಯ ಭಾಗ. ಬ್ರೋತಾಸ್ ಮಾತೆಯ ಹಳೆಯ ಚರ್ಚಿಗೆ ಗೋವಾದಿಂದ ಹಬ್ಬಕ್ಕೆ ಬರುತ್ತಿದ್ದ ಭಕ್ತರಿಗೂ ಹಾದಿ ಕಟ್ಟಾಯಿತು.

ಟ್ಯಾಗೋರ್ ಕಡಲತೀರದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಕವಿ ಬಂದಿದ್ದರು. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿ. ಇದನ್ನು ಕಾರವಾರದಲ್ಲಿ ಎಲ್ಲರೂ ಹೇಳುತ್ತಾರೆ.

ಚಪಲ್ ನಿಂತಿರುವುದು ಅದೇ ಮರಳಿನ ಪಕ್ಕ. ಸೋವಿಯತ್ ಒಕ್ಕೂಟದಿಂದ ಕೊಂಡ ಕ್ಷಿಪಣಿ ದೋಣಿ, 2005ರಲ್ಲಿ ನಿವೃತ್ತಿ, ಮರುವರ್ಷ ವಸ್ತುಸಂಗ್ರಹಾಲಯ. ಕ್ಷಿಪಣಿಯ ಕೊಳವೆಗಳ ಎದುರು ನಿಂತು ನಮ್ಮವರು ಫೋಟೋ ತೆಗೆಸಿಕೊಂಡರು. ಅಲ್ಲಿದ್ದ ಪ್ರವಾಸಿಯೊಬ್ಬರು ತಮ್ಮ ಮಕ್ಕಳಿಗೆ "1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಹಡಗು ಇದೇ" ಎನ್ನುತ್ತಿದ್ದರು. ಈ ಮಾತು ಬರವಣಿಗೆಯಲ್ಲೂ ಅಲ್ಲಲ್ಲಿ ಸಿಗುತ್ತದೆ. ಆದರೆ ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಬಿಟ್ಟವು ನಿಪಾತ್, ನಿರ್ಘಾತ್, ವೀರ್. ಅವು ಇದಕ್ಕಿಂತ ಹಿಂದಿನ ತಂಡದ ದೋಣಿಗಳು. ನಾನು ಇದನ್ನು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು, "ಹಾಗಾದ್ರೆ ಇದು ಯುದ್ಧವನ್ನೇ ಮಾಡಲಿಲ್ವಾ ಸಾರ್?" ಎಂದು ಕೇಳಿದಳು. ಇಪ್ಪತ್ತೊಂಬತ್ತು ವರ್ಷ ಕರಾವಳಿ ಕಾದ ದೋಣಿಗೆ ಅಷ್ಟು ಮರ್ಯಾದೆ ಸಾಲದು ಎಂದು ನಮ್ಮ ಜನಕ್ಕೆ ಏಕೆ ಅನಿಸುತ್ತದೋ.

ಕಾರವಾರದ ಇಂದಿನ ನೆಲೆಗೂ 1971ಕ್ಕೂ ಮಾತ್ರ ನಿಜವಾದ ನಂಟಿದೆ. ಆ ಯುದ್ಧದ ಹೊತ್ತಿಗೆ ಮುಂಬಯಿಯ ಬಂದರು ವ್ಯಾಪಾರಿ ಹಡಗುಗಳಿಂದ ತುಂಬಿ ಇಕ್ಕಟ್ಟಾಗಿತ್ತು, ಪಾಕಿಸ್ತಾನದ ವಿಮಾನಗಳ ಅಳವಿಗೂ ಹತ್ತಿರವಿತ್ತು. ಬೇರೊಂದು ನೆಲೆ ಬೇಕೆಂಬ ಯೋಚನೆಗೆ ರೂಪ ಕೊಟ್ಟವರು 1980ರ ದಶಕದ ಮೊದಲಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಆಮೇಲೆ ದುಡ್ಡಿಲ್ಲದೆ ಕೆಲಸ ವರ್ಷಗಟ್ಟಲೆ ಕುಂಟಿತು. ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ಕ್ಕೆ.

ಮಧ್ಯಾಹ್ನದ ಮೇಲೆ ಬಿಣಗಾ ದಾಟಿ ದಕ್ಷಿಣಕ್ಕೆ ಹೋದೆವು. ಎಡಕ್ಕೆ ಗುಡ್ಡ, ಮನೆ, ಅಂಗಡಿ. ಬಲಕ್ಕೆ ಗೋಡೆ. ನಿಲ್ಲಿಸಬಾರದು, ಫೋಟೋ ತೆಗೆಯಬಾರದು ಎಂಬ ಫಲಕಗಳು. ಬೆಳಗಿನಿಂದ ಒಂದೇ ಸಮ ಮಾತಾಡುತ್ತಿದ್ದ ಗೈಡ್ ಇಲ್ಲಿ ಸುಮ್ಮನಾದ. ಅರಗಾ ಬಂದಾಗ ಅವನಾಗಿಯೇ, "ನಮ್ಮ ಅಜ್ಜಿ ಮನೆ ಇಲ್ಲೇ ಇತ್ತು, ಗೋಡೆಯಿಂದ ಆಚೆ. ನಾ ನೋಡಿಲ್ಲ, ನಾ ಹುಟ್ಟೂದ್ರೊಳಗೆ ಎಬ್ಬಿಸಿದ್ರು" ಎಂದ.

ಯೋಜನೆಗೆ ಹೋದ ಜಾಗ ಸುಮಾರು 11,000 ಎಕರೆ. ಕಾರವಾರ, ಅಂಕೋಲಾ ತಾಲೂಕುಗಳ ಹತ್ತಕ್ಕೂ ಹೆಚ್ಚು ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಮೀನುಗಾರರು, ಹಾಲಕ್ಕಿ ಒಕ್ಕಲಿಗರು, ಗದ್ದೆಯವರು, ಗೇಣಿಯವರು. ತೋಡೂರು, ಚಿತ್ತಾಕುಲ ಮುಂತಾದ ಕಡೆ ಅವರಿಗಾಗಿ ಸೀಬರ್ಡ್ ಕಾಲೊನಿಗಳಾದವು. ಪರಿಹಾರದ ವ್ಯಾಜ್ಯಗಳು ಕೋರ್ಟಿನಿಂದ ಕೋರ್ಟಿಗೆ ಏರಿ ದಶಕಗಳನ್ನೇ ತಿಂದವು, ಅರ್ಜಿ ಹಾಕಿದವನ ಹಣ ಮೊಮ್ಮಕ್ಕಳ ಕೈಗೆ ಬರುವಷ್ಟು. ದೇಶಕ್ಕೆ ನೆಲೆ ಬೇಕಿತ್ತು ಎಂಬುದನ್ನು ಅವರಲ್ಲಿ ಅಲ್ಲಗಳೆಯುವವರು ಕಡಿಮೆ. ಅದೇ ಕಾರಣಕ್ಕೆ ಅವರಿಗೆ ಬೇಗ ಲೆಕ್ಕ ಚುಕ್ತಾ ಮಾಡಬೇಕಿತ್ತು.

ಜಪಾನಿನ ಎರಡು ಊರುಗಳ ಇತಿಹಾಸ ಓದಿದ್ದವನಿಗೆ ಈ ಗೋಡೆಯ ಪಕ್ಕ ಅವು ನೆನಪಾದವು. ಒಂದು ಕುರೆ. ಸೀಬರ್ಡ್‌ಗೆ ಸರಿಯಾಗಿ ನೂರು ವರ್ಷ ಹಿಂದೆ, 1886ರಲ್ಲಿ, ಆ ಕೊಲ್ಲಿಯನ್ನು ನೌಕಾನೆಲೆಗೆಂದು ಗೊತ್ತುಮಾಡಿದರು. ಅಲ್ಲಿಯೂ ಇದ್ದವು ರೈತರ, ಮೀನುಗಾರರ ಹಳ್ಳಿಗಳೇ. ಜನರ ಜೊತೆಗೆ ಗುಡ್ಡದ ಮೇಲಿದ್ದ ಕಾಮೆಯಾಮ ದೇವಾಲಯವೂ ಜಾಗ ಬಿಡಬೇಕಾಯಿತು. ಯುದ್ಧದ ಕಾಲದಲ್ಲಿ ಕುರೆಯ ಮೇಲೆ ಹಾಯುವ ರೈಲುಗಳಲ್ಲಿ ಕಡಲ ಕಡೆಯ ಕಿಟಕಿ ಮುಚ್ಚಿಸುತ್ತಿದ್ದರು, ಒಳಗೆ ಯಾಮಾಟೊ ಎಂಬ ದೈತ್ಯ ಯುದ್ಧನೌಕೆ ತಯಾರಾಗುತ್ತಿತ್ತು. ಈಗ ಅದೇ ಊರಿನಲ್ಲಿ ಆ ನೌಕೆಯ ಹತ್ತನೇ ಒಂದರಷ್ಟು ಅಳತೆಯ ಮಾದರಿ ಇಟ್ಟು ಟಿಕೆಟ್ ಕೊಟ್ಟು ತೋರಿಸುತ್ತಾರೆ. ಆ ಸಂಗ್ರಹಾಲಯ ತೆರೆದದ್ದೂ 2005ರಲ್ಲಿ.

ಇನ್ನೊಂದು ಯೊಕೊಸುಕಾ. ಫ್ರೆಂಚ್ ಎಂಜಿನಿಯರ್ ವೆರ್ನಿಯ ಉಸ್ತುವಾರಿಯಲ್ಲಿ 1865ರಲ್ಲಿ ಅಲ್ಲಿ ಹಡಗುಕಟ್ಟೆ ಶುರುವಾಯಿತು. ಅವನ ಕಾಲದ ಹಡಗುಗುಂಡಿಗಳು ಇಂದು ಅಮೆರಿಕದ ನೌಕಾಪಡೆಯ ನೆಲೆಯೊಳಗಿವೆ. ಒಂದು ಕಾಲಕ್ಕೆ ಆ ಬಂದರಿನ ಚಿತ್ರವಿರುವ ಪೋಸ್ಟ್‌ಕಾರ್ಡಿಗೂ ಸೇನೆಯ ಅನುಮತಿ ಬೇಕಿತ್ತು. ಈಗ ಮುಕ್ಕಾಲು ಗಂಟೆಯ ದೋಣಿ ಪ್ರವಾಸವಿದೆ: ಕೆಲಸದಲ್ಲಿರುವ ಅಮೆರಿಕದ, ಜಪಾನಿನ ಹಡಗುಗಳ ನಡುವೆ ಹಾಯುತ್ತಾ ಗೈಡ್ ಒಂದೊಂದನ್ನೂ ಹೆಸರಿಟ್ಟು ಹೇಳುತ್ತಾನೆ. ನಮ್ಮಲ್ಲೂ ಹಾಗೆ ಆಗಬೇಕು ಎಂದು ನಾನು ವಾದಿಸುವುದಿಲ್ಲ, ನಮ್ಮ ಗಡಿಗಳ ಸ್ಥಿತಿ ಬೇರೆ. ನನಗೆ ಬೇಕಾದದ್ದು ಹಡಗಿನ ಗುಟ್ಟಲ್ಲ. ಗೋಡೆಯಾಚೆ ಇದ್ದ ಹಳ್ಳಿಗಳಲ್ಲಿ ಗುಟ್ಟೇನೂ ಇಲ್ಲ, ಆದರೂ ಅವುಗಳ ಬಗ್ಗೆ ಒಂದು ಫಲಕವೂ ನಮಗೆ ಅಂದು ಕಾಣಲಿಲ್ಲ.

ಗೈಡ್ ಪಟ್ಟಿಯಲ್ಲಿಲ್ಲದ ಎರಡು ಜಾಗ ತೋರಿಸಿದ. ಮೊದಲನೆಯದು ಅರಗಾ-ಚೆಂಡಿಯಾದಲ್ಲಿ ಹೆದ್ದಾರಿಯ ಎಡಕ್ಕೆ ಉಳಿದ ಮನೆಗಳು. ಜೋರು ಮಳೆಗೆ ಗುಡ್ಡದ ನೀರು ಕಡಲು ಸೇರಲು ದಾರಿ ಸಾಲದೆ ಇವುಗಳೊಳಗೆ ನುಗ್ಗುತ್ತದೆ, ಹಳ್ಳಗಳಿಗೆ ನೆಲೆಯ ಕಟ್ಟೋಣ ಅಡ್ಡವಾಗಿದೆ ಎಂಬುದು ಜನರ ದೂರು. ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಲಿಲ್ಲ. ರಾಜಕಾಲುವೆ ಮುಚ್ಚಿದರೆ ಕೆರೆಯ ಗತಿ ಏನಾಗುತ್ತದೆಂದು ಕೋಲಾರದ ಮಕ್ಕಳಿಗೆ ಗೊತ್ತು. ಎರಡನೆಯದು ಅಮದಳ್ಳಿಯ ಮುದಗಾ, ನಿರಾಶ್ರಿತ ಮೀನುಗಾರರಿಗೆಂದು ಮಾಡಿದ ಬಂದರು. ದೋಣಿಗಳು ನಿಂತಿದ್ದವು, ಬಲೆ ಹೊಲಿಯುತ್ತಿದ್ದವರಿದ್ದರು.

1986ರಲ್ಲಿ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಹತ್ತಿರ. ಸ್ವಾಧೀನದ ನೋಟಿಸು, ಸರ್ವೆ ನಂಬರು ಕಚೇರಿಯಲ್ಲಿ ಉಳಿದಾವು. ಯಾವ ಬಂಡೆಯ ಹತ್ತಿರ ಯಾವ ಮೀನು ಬರುತ್ತಿತ್ತು, ಯಾವ ತೆಂಗಿನ ತೋಟದ ಸಂದಿಯಿಂದ ಕಡಲಿಗೆ ಇಳಿಯುತ್ತಿದ್ದರು ಎಂಬುದು ಪಹಣಿಯಲ್ಲಿ ಬರೆದಿರುವುದಿಲ್ಲ. ಸಂಜೆ ಹೊರಡುವ ಮೊದಲು ನಮ್ಮ ಇಬ್ಬರು ವಿದ್ಯಾರ್ಥಿನಿಯರು ಗೈಡಿನ ಅಜ್ಜಿಯನ್ನು ಕಾಣಬೇಕೆಂದರು. ಅಜ್ಜಿ ಕೊಂಕಣಿಯಲ್ಲಿ ಹೇಳಿದರು, ಮೊಮ್ಮಗ ಕನ್ನಡದಲ್ಲಿ ತಿಳಿಸಿದ. ಹುಡುಗಿಯರು ನೋಟ್‌ಬುಕ್ಕಿನ ಎರಡು ಹಾಳೆ ಜೋಡಿಸಿ ಗೆರೆ ಎಳೆದರು: ಬಾವಿ, ಶಾಲೆ, ದೋಣಿ ಎಳೆದಿಡುವ ಜಾಗ. ಒಂದು ಮನೆಯ ಬಾಗಿಲನ್ನು ಅವರು ರಸ್ತೆಯ ಕಡೆಗೆ ಬರೆದಿದ್ದರು. ಅಜ್ಜಿ ಬೆರಳಿಟ್ಟು ತಿದ್ದಿಸಿದರು. ಅದು ಕಡಲ ಕಡೆಗಿತ್ತಂತೆ.