ಗೋವೆಯ ಮನೆಯಂಗಳದ ಈಜುಕೊಳಗಳೂ ಶಿಶುಸಂರಕ್ಷಣೆಯೂ

ಗೋವೆಯ ಹಳೆಯ ಮನೆಗಳ ಹಿತ್ತಲಿನಲ್ಲಿ ಇಂದಿಗೂ ಕಾಣಸಿಗುವ ಬಾವಿಗಳಿಗೆ ಮುರಕಲ್ಲಿನಿಂದ ಸೊಂಟದೆತ್ತರಕ್ಕೆ ಕಟ್ಟಿದ ಕಟ್ಟೆಯುಂಟು. ನೀರು ಸೇದುವವರಿಗೆ ಆಸರೆಯಾಗುವುದರ ಜೊತೆಗೆ, ಅಂಬೆಗಾಲಿಕ್ಕುವ ಶಿಶುವಿಗೂ ಆಳವಾದ ಜಲಕ್ಕೂ ನಡುವೆ, ಯಾರ ಎಚ್ಚರವನ್ನೂ ಅಪೇಕ್ಷಿಸದೆ ಹಗಲಿರುಳು ನಿಂತಿರುವ ತಡೆಯೂ ಅದೇ. ಬಾರ್ದೇಶ ತಾಲ್ಲೂಕಿನ ಅಸಗಾಂವ, ಶಿವೋಲಿ, ಹಣಜೂಣ, ಕಾಂದೋಳಿ ಮೊದಲಾದ ಊರುಗಳಲ್ಲಿ ಇತ್ತೀಚಿನ ದಶಕಗಳಲ್ಲಿ ಎದ್ದುನಿಂತ ವಿಲ್ಲಾಗಳ ಈಜುಕೊಳಗಳಲ್ಲಾದರೋ ಈ ತಡೆಯು ಬಹುಮಟ್ಟಿಗೆ ಲುಪ್ತವಾಗಿದೆ. ಕೊಳದ ಅಂಚು ನೆಲಕ್ಕೆ ಸಮ; ಪಡಸಾಲೆಯ ಗಾಜಿನ ಜಾರುಬಾಗಿಲು ಒಂದು ಗೇಣು ತೆರೆದಿದ್ದರೆ ಸಾಕು, ಎರಡು ವರ್ಷದ ಮಗು ಕೆಲವೇ ಹೆಜ್ಜೆಗಳಲ್ಲಿ ನೀರನ್ನು ಮುಟ್ಟುವುದು.

ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತರಾದರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ 5 ವರ್ಷದೊಳಗಿನ ಮಕ್ಕಳು. ಶಿಶುವಿನ ಶಿರಸ್ಸು ದೇಹದ ಪ್ರಮಾಣಕ್ಕೆ ಭಾರವಾದುದರಿಂದ, ನೀರಿನತ್ತ ಬಗ್ಗಿದ ಮಗು ತಲೆಕೆಳಗಾಗಿ ಬೀಳುವುದು. ಬಿದ್ದ ಮೇಲೆ ಉಸಿರಿಗಾಗಿ ಹೆಣಗುವ ಗಂಟಲಿನಿಂದ ಕೂಗು ಹೊರಡದು. ಅಮೆರಿಕದ ಗ್ರಾಹಕೋತ್ಪನ್ನ ಸುರಕ್ಷತಾ ಆಯೋಗವು 1980ರ ದಶಕದಲ್ಲಿ ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳಲ್ಲಿ ನಡೆಸಿದ ವಿಚಾರಣೆಯಲ್ಲಿ, ಇಂತಹ ದುರಂತಕ್ಕೀಡಾದ ಎಳೆಯರಲ್ಲಿ ಶೇಕಡಾ 69ರಷ್ಟು ಮಂದಿ ಆ ಹೊತ್ತಿನಲ್ಲಿ ಕೊಳದ ಬಳಿ ಇರುವರೆಂದು ಮನೆಯವರು ಎಣಿಸಿಯೇ ಇರಲಿಲ್ಲವೆಂದೂ, ಬಹುಪಾಲು ಮಕ್ಕಳು ಕಣ್ಮರೆಯಾದುದು 5 ನಿಮಿಷಕ್ಕೂ ಮೀರದ ಅವಧಿಗೆಂದೂ ತಿಳಿದುಬಂದಿತು. ಆದಕಾರಣ, ಈಜುವ ಹೊತ್ತಿನ ಕಾವಲು ಎಷ್ಟೇ ಅವಶ್ಯವಾಗಿದ್ದರೂ, ಯಾರೂ ಈಜದ ಹೊತ್ತಿನ ತಡೆಯೇ ಈ ವಿಷಯದ ಮರ್ಮವೆಂದು ನಾನು ಭಾವಿಸುತ್ತೇನೆ.

ಆ ತಡೆ ಎಂತಹುದಾಗಿರಬೇಕೆಂಬುದು ಈಗ ಊಹೆಯ ವಿಷಯವಲ್ಲ. ಮನೆಯನ್ನೂ ಕೊಳವನ್ನೂ ಒಟ್ಟಿಗೆ ಸುತ್ತುವರಿದ ಕಾಂಪೌಂಡು ಗೋಡೆ ಹೊರಗಿನ ಮಗುವನ್ನು ತಡೆದೀತೇ ಹೊರತು ಒಳಗಿನ ಮಗುವನ್ನಲ್ಲ. ಕೊಳವನ್ನು ಮನೆಯಿಂದಲೇ ಬೇರ್ಪಡಿಸುವ ನಾಲ್ಕು ಪಾರ್ಶ್ವಗಳ ಬೇಲಿ ಅದಕ್ಕಿಂತ ಬಹಳ ಮಿಗಿಲೆಂಬುದು ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಅನುಭವದಿಂದ ಸಿದ್ಧವಾಗಿದೆ. ಆಸ್ಟ್ರೇಲಿಯದಲ್ಲಿ ಬೇಲಿ ಕನಿಷ್ಠ 1200 ಮಿಲಿಮೀಟರ್ ಎತ್ತರವಿರಬೇಕು. ಸರಳುಗಳ ನಡುವಣ ಸಂದು 100 ಮಿಲಿಮೀಟರನ್ನು ಮೀರಕೂಡದು. ಗೇಟು ಕೊಳದಿಂದ ಹೊರಮುಖವಾಗಿ ತೆರೆದು, ಕೈಬಿಟ್ಟೊಡನೆ ತಾನಾಗಿ ಮುಚ್ಚಿ, ತಾನಾಗಿ ಚಿಲಕ ಹಾಕಿಕೊಳ್ಳಬೇಕು. ಇಷ್ಟೆಲ್ಲವನ್ನೂ ಬೇಲಿಗೆ ಆನಿಸಿಟ್ಟ ಒಂದು ಪ್ಲಾಸ್ಟಿಕ್ ಕುರ್ಚಿ, ಅಥವಾ ಗೇಟು ಮುಚ್ಚದಂತೆ ಒಡ್ಡಿದ ಒಂದು ಇಟ್ಟಿಗೆ ವ್ಯರ್ಥಗೊಳಿಸಬಲ್ಲುದು. ಫ್ರಾನ್ಸ್ ದೇಶದ 2003ರ ಕಾನೂನು ಬೇಲಿ, ಅಲಾರಂ, ಹೊದಿಕೆ, ಮುಚ್ಚಿದ ಮಂಟಪ ಇವುಗಳಲ್ಲೊಂದನ್ನು ಕಡ್ಡಾಯಮಾಡಿತು. ಆದರೆ ಅಲಾರಂ ಮೊಳಗುವುದು ಸಾಮಾನ್ಯವಾಗಿ ಮಗು ಬಿದ್ದ ಮೇಲೆಯೇ ಆದುದರಿಂದ ಅದನ್ನು ಬೇಲಿಗೆ ಸಮಾನವೆಂದು ನಾನು ಒಪ್ಪಲಾರೆ.

ಗೋವೆಯ ಕಡಲತೀರಗಳಲ್ಲಿ 2008ರಿಂದ ವೃತ್ತಿಪರ ಜೀವರಕ್ಷಕರ ಕಾವಲುಂಟು. ಖಾಸಗಿ ಅಂಗಳದ ಕೊಳಕ್ಕೆ ಅಂತಹ ಕಾವಲು ಎಲ್ಲಿಯದು? ಮಾಲೀಕರು ದೂರದ ನಗರದಲ್ಲಿರುವಾಗ ವಿಲ್ಲಾದ ಹಿಂದಣ ಕೋಣೆಯಲ್ಲಿ ವಾಸಿಸುವ ಕೇರ್‌ಟೇಕರನ ಸಂಸಾರ ಅನೇಕ ವೇಳೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಕನ್ನಡಿಗರದು. ತಾಯಿ ನೆಲ ಒರೆಸುತ್ತಿರುವಾಗ, ತಂದೆ ಪಂಪಿನ ಫಿಲ್ಟರು ತೊಳೆಯುತ್ತಿರುವಾಗ, ಮಗು ಆಡುವುದು ಆ ಕೊಳದ ಅಂಚಿನಲ್ಲಿಯೇ. ಆಷಾಢದ ಮಳೆಯಲ್ಲಿ ಅತಿಥಿಗಳಿಲ್ಲದೆ ಪಾಚಿಗಟ್ಟಿ ಹಸುರಾದ ನೀರಿನ ತಳಭಾಗ ಕಾಣದು. ಬಿದ್ದ ಮಗುವೂ ಕಾಣದು. ವಿಲ್ಲಾ ಕಟ್ಟುವವರ ಮಕ್ಕಳ ಪಾಡೂ ಬೇರೆಯಲ್ಲ: ಕಟ್ಟಡ ಕಾರ್ಮಿಕರ 1996ರ ಕಾನೂನು 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ ಶಿಶುಪಾಲನಾ ಕೊಠಡಿಯನ್ನು ವಿಧಿಸಿತ್ತಾದರೂ, ಬಿಡಿ ವಿಲ್ಲಾದ ಕೆಲಸದಲ್ಲಿ ಆ ಸಂಖ್ಯೆ ಕೂಡುತ್ತಿರಲಿಲ್ಲ. ಬಾಡಿಗೆಯ ವಿಲ್ಲಾಗಳನ್ನು ಗೋವೆಯ 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾನೂನಿನಡಿ ನೋಂದಾಯಿಸುವಾಗ ನಾಲ್ಕು ಪಾರ್ಶ್ವಗಳ ಬೇಲಿಯನ್ನು ಷರತ್ತಾಗಿ ವಿಧಿಸತಕ್ಕದ್ದು. ಕೊಳದ ಬಳಿಯ ಸೂಚನಾಫಲಕವು ಕೊಂಕಣಿ, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಇರತಕ್ಕದ್ದು.

ಆ ಫಲಕದಲ್ಲಿ ಪ್ರಥಮ ಚಿಕಿತ್ಸೆಯ ಕ್ರಮವೂ ಇರಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವ, ಹೊಟ್ಟೆ ಒತ್ತಿ ನೀರು ಕಕ್ಕಿಸುವ ರೂಢಿ ಅಮೂಲ್ಯವಾದ ನಿಮಿಷಗಳನ್ನು ಕಳೆಯುವುದು. ಉಸಿರಾಡದ ಮಗುವಿನ ಬಾಯಿಗೆ ಮೊದಲು ಉಸಿರು ಊದಿ, ಅನಂತರ ಎದೆಯನ್ನು ಒತ್ತುತ್ತಾ, ಮತ್ತೊಬ್ಬರಿಂದ 108ಕ್ಕೆ ಕರೆಮಾಡಿಸಬೇಕು. ಮೊದಲು ಓಡಿಬರುವವಳು ಪ್ರಾಯಶಃ ಕೇರ್‌ಟೇಕರನ ಹೆಂಡತಿಯೇ ಆದುದರಿಂದ, ಈ ಶಿಕ್ಷಣ ಮೊಟ್ಟಮೊದಲು ಅವಳಿಗೆ, ಅವಳ ಭಾಷೆಯಲ್ಲಿ, ಮಾಲೀಕರ ಖರ್ಚಿನಲ್ಲಿ ದೊರೆಯಬೇಕು.