ಒಕ್ಕಲು ಎದ್ದ ಊರುಗಳು

ನೆಲಕ್ಕೆ ಸಂಬಂಧಿಸಿದ ಕನ್ನಡ ಮಾತುಗಳಲ್ಲಿ ‘ಒಕ್ಕಲು’ ಎಂಬುದಕ್ಕಿರುವ ಅರ್ಥದ ಹರಹು ಬೇರೊಂದಕ್ಕೆ ಇರಲಾರದು. ಒಕ್ಕಲು ಎಂದರೆ ಬೇಸಾಯ. ಒಕ್ಕಲು ಎಂದರೆ ಒಂದು ಮನೆತನ. ಒಡೆಯನ ಭೂಮಿಯನ್ನು ಗೇಣಿಗೆ ಹಿಡಿದು ಉಳುವವನೂ ಒಕ್ಕಲೇ. ನಮ್ಮ ಶಾಸನಗಳಲ್ಲಿ ‘ಐವತ್ತೊಕ್ಕಲು’ ಎಂಬ ಸಮುದಾಯದ ಹೆಸರು ಮತ್ತೆ ಮತ್ತೆ ಬರುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಹೊಸ ಮನೆಯನ್ನು ಹೊಗುವ ಶುಭಕಾರ್ಯಕ್ಕೆ ಇಂದಿಗೂ ‘ಮನೆ ಒಕ್ಕಲು’ ಎನ್ನುತ್ತಾರೆ. ಅಂಕೋಲೆ, ಕಾರವಾರ, ಕುಮಟೆಗಳ ಹಾಲಕ್ಕಿ ಒಕ್ಕಲಿಗರಂತೂ ಆ ಮಾತನ್ನು ಕುಲದ ಹೆಸರಾಗಿಯೇ ಹೊತ್ತುಕೊಂಡು ಬಂದಿದ್ದಾರೆ. ಇಂಥ ಮಾತಿಗೆ ‘ಎಬ್ಬಿಸು’ ಎಂಬ ಸಾಮಾನ್ಯ ಕ್ರಿಯಾಪದವನ್ನು ಜೋಡಿಸಿದೊಡನೆ ಏನಾಗುತ್ತದೆ ನೋಡಿ: ಹೊಲ, ಮನೆ, ಮನೆತನ, ಮೂರೂ ಒಮ್ಮೆಗೇ ಏಳುತ್ತವೆ. ಸರಕಾರದ ಕಾಗದಗಳು ಬಳಸುವ ‘ನಿರಾಶ್ರಿತ’ ಎಂಬ ಮಾತಿನಲ್ಲಿ ಈ ಬಿಸಿ ಇಲ್ಲ. ಆಶ್ರಯ ಇಲ್ಲದವನು ಎಂದು ಅದು ಹೇಳುತ್ತದೆ. ಎಬ್ಬಿಸಿದವರು ಯಾರೆಂಬುದನ್ನು ಹೇಳುವುದಿಲ್ಲ. ಆಡುಮಾತಿನ ‘ಪರದೇಶಿ’ ಇನ್ನೂ ಕಠೋರವಾದದ್ದು. ಬೇರೆ ದೇಶದವನು ಎಂಬ ಮೂಲಾರ್ಥ ಕರಗಿ, ಕೇಳುವವರಿಲ್ಲದ ಅನಾಥ ಎಂಬ ಅರ್ಥ ಅದಕ್ಕೆ ನಮ್ಮಲ್ಲಿ ನಿಂತಿದೆ. ಊರು ಬಿಟ್ಟವನ ಗತಿಯ ಬಗ್ಗೆ ನಮ್ಮ ಜನಕ್ಕೆ ಭ್ರಮೆಗಳಿರಲಿಲ್ಲವೆಂದು ಕಾಣುತ್ತದೆ.

ಈ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಳಿ ನದಿಯ ದಂಡೆಗೆ ಹೋಗೋಣ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಕಡಲನ್ನು ಸೇರುವ ನದಿ ಇದು. ಕೈಗಾ ಈ ನದಿಯ ಎಡದಂಡೆಯ, ಕಾಡಿನ ನಡುವಣ ಒಂದು ಹಳ್ಳಿಯ ಹೆಸರು. ಇಂದು ದಿಲ್ಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ‘ಕೈಗಾ’ ಎಂದರೆ ಯಾರಿಗೂ ಹಳ್ಳಿಯ ನೆನಪಾಗುವುದಿಲ್ಲ, ಅಣುವಿದ್ಯುತ್ ಸ್ಥಾವರದ ನೆನಪಾಗುತ್ತದೆ. ಸೂಪಾ ಎಂದರೆ ಅಣೆಕಟ್ಟು, ಕದ್ರಾ ಎಂದರೆ ಅಣೆಕಟ್ಟು. ಕಾರವಾರ ಮತ್ತು ಅಂಕೋಲೆಗಳ ನಡುವಣ ಕಡಲಂಚಿನ ಹದಿಮೂರು ಊರುಗಳ ನೆಲಕ್ಕೆ ಈಗ ‘ಸೀಬರ್ಡ್’ ಎಂಬ ಒಂದೇ ಹೆಸರು. ಕಡಲ ಹಕ್ಕಿ ಎಂದು ಅದರ ಅರ್ಥ. ಹೆಸರಿಟ್ಟವರಿಗೆ ವ್ಯಂಗ್ಯದ ಉದ್ದೇಶವಿರಲಾರದು.

ಈ ಸೀಮೆಯಲ್ಲಿ ನೆಲೆ ತಪ್ಪುವ ಕತೆ ಅಣೆಕಟ್ಟುಗಳಿಂದ ಮೊದಲಾದದ್ದಲ್ಲ. ಬಿಣಗಾ ಕಡಲತೀರದಲ್ಲಿ ನಿಂತರೆ ಅಂಜದೀವ್ ದ್ವೀಪ ಕಣ್ಣಿಗೆ ಬೀಳುತ್ತದೆ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಹಡಗು ನಿಲ್ಲಿಸಿದ್ದ; 1505ರಲ್ಲಿ ಪೋರ್ತುಗೀಜರು ಅಲ್ಲಿ ಕೋಟೆಯನ್ನೂ ಕಟ್ಟಿದರು. ಅಂಕೋಲೆಯ ಆರ್ಯಾದುರ್ಗೆ ಮೂಲತಃ ಈ ದ್ವೀಪದ ದೇವತೆಯೆಂದೂ ಪರಕೀಯರ ಭಯದಿಂದ ಭಕ್ತರು ಅವಳನ್ನು ಅಂಕೋಲೆಗೆ ತಂದರೆಂದೂ ಐತಿಹ್ಯ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಶನ್ ನ್ಯಾಯಾಸನ ಸ್ಥಾಪಿತವಾದ ಮೇಲೆ ಕೊಂಕಣಿ ಮಾತಾಡುವ ಎಷ್ಟೋ ಮನೆತನಗಳು ಕಾಳಿಯನ್ನು ದಾಟಿ ಈಚೆಗೆ ಬಂದುವು, ದೇವರನ್ನೂ ಹೊತ್ತು ತಂದುವು. ಇಂದು ನಮ್ಮ ಕರಾವಳಿಯ ಹಳಬರಲ್ಲಿ ಹಳಬರೆನಿಸಿದವರಲ್ಲಿ ಅನೇಕರು ಹೀಗೆ ಬಂದವರ ಸಂತಾನ. ದೇವರಿಗೂ ಮನುಷ್ಯರ ವಾಸಕ್ಕೂ ಕನ್ನಡದಲ್ಲಿ ‘ನೆಲೆ’ ಎಂಬ ಒಂದೇ ಮಾತು ಇರುವುದು ಸುಮ್ಮನೆ ಅಲ್ಲ. ‘ವಸತಿ’ಯೇ ಅಲ್ಲವೆ ಜೈನರ ಬಾಯಲ್ಲಿ ‘ಬಸದಿ’ಯಾದದ್ದು!

ಅದೇ ದ್ವೀಪದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. 1661ರ ಮದುವೆಯ ಒಪ್ಪಂದದಂತೆ ಪೋರ್ತುಗೀಜ್ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಸಲ್ಲಬೇಕಾಗಿತ್ತು. ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಡನೆ 1662ರಲ್ಲಿ ಬಂದ. ಮುಂಬಯಿಯ ಅಧಿಕಾರಿಗಳು ಬಿಟ್ಟುಕೊಡಲಿಲ್ಲ. ಹೋಗಲು ಬೇರೆ ಠಾವಿಲ್ಲದೆ ಆ ದಂಡು ಅಂಜದೀವಿನಲ್ಲಿ ಬೀಡುಬಿಟ್ಟಿತು. ಜ್ವರ, ಮಳೆ, ಹಸಿವು. ಎರಡು ವರ್ಷಗಳಲ್ಲಿ ಶಿಪ್‌ಮನ್ ಸತ್ತ, ಸೈನಿಕರಲ್ಲಿ ಬಹುಪಾಲು ಜನ ಸತ್ತರು. 1665ರಲ್ಲಿ ಹಂಫ್ರಿ ಕುಕ್ ಎಂಬವನು ಮುಂಬಯಿಯನ್ನು ಪಡೆಯಲು ಹೋದಾಗ ಅವನ ಜೊತೆಗಿದ್ದವರು ನೂರರ ಆಸುಪಾಸಿನ ಜನ ಮಾತ್ರ. ನೂರು ವರ್ಷಗಳ ಮೇಲೆ ಈ ದೇಶದ ಒಡೆಯರಾಗಲಿದ್ದ ಜನಾಂಗದವರು ಕಾರವಾರದ ಕಣ್ಣೆದುರಿನ ಬಂಡೆಯ ಮೇಲೆ ಪರದೇಶಿಗಳಾಗಿ ಸತ್ತರು. ದ್ವೀಪ 1961ರ ಡಿಸೆಂಬರಿನವರೆಗೂ ಪೋರ್ತುಗೀಜರ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾದಳದ ಏಳು ಮಂದಿ ಪ್ರಾಣ ಕೊಟ್ಟರು. ಈಗ ಅದು ಸೀಬರ್ಡ್ ನೆಲೆಯೊಳಗೆ ಸೇರಿಹೋಗಿದೆ.

ಇಷ್ಟು ಹಿಂದಿನ ಮಾತು. ಅಂಕೋಲೆಯವರಿಗೆ ಭೂಮಿ ಕಳೆದುಕೊಳ್ಳುವುದು ಏನೆಂದು ತಿಳಿದದ್ದು 1930ರ ದಶಕದಲ್ಲಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾನೂನು ಮುರಿಯಿತು. ಅನಂತರದ ಕರನಿರಾಕರಣೆಯಲ್ಲಿ ರೈತರು ಕಂದಾಯ ಕೊಡಲಿಲ್ಲ. ಸರಕಾರ ಮನೆಯ ಪಾತ್ರೆ, ಕೊಟ್ಟಿಗೆಯ ದನ, ಕೊನೆಗೆ ಗದ್ದೆಗಳನ್ನೇ ಜಪ್ತು ಮಾಡಿತು. ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದು ಅಂಕೋಲೆಗೆ ಬಂದದ್ದು ಹೀಗೆ. ಆದರೆ ಒಂದು ಅಂಶವನ್ನು ಗಮನಿಸಬೇಕು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರಕಾರ ಬಂದಾಗ, ಕಾಯಿದೆ ಮಾಡಿ, ಜಪ್ತಾದ ಭೂಮಿಯನ್ನು ಸತ್ಯಾಗ್ರಹಿಗಳಿಗೆ ಹಿಂದಿರುಗಿಸುವುದು ಸಾಧ್ಯವಾಯಿತು. ಗದ್ದೆ ಇದ್ದಲ್ಲೇ ಇತ್ತು. ಒಡೆಯ ಬದಲಾಗಿದ್ದ, ಅಷ್ಟೆ. ಮರಳಲು ಒಂದು ಸ್ಥಳ ಉಳಿದಿತ್ತು.

ಇದೇ ಅಂಕೋಲೆ ತಾಲೂಕಿನ ಅಲಗೇರಿಯಲ್ಲಿ ಹುಟ್ಟಿದ ದಿನಕರ ದೇಸಾಯಿಯವರನ್ನು ನಾವು ಸಾಹಿತ್ಯದವರು ಚುಟುಕದ ಕವಿಯೆಂದು ಬಲ್ಲೆವು. ಗೇಣಿ ಒಕ್ಕಲುಗಳನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ತಮ್ಮ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಒಕ್ಕಲುಗಳ ಪರವಾಗಿ ನಿಂತವನು ತಾನೇ ಊರು ಬಿಡಬೇಕಾಯಿತು. ಅವರು ಬೇಡಿದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯಿಂದ ಕೈಗೂಡಿತು. ತಲೆತಲಾಂತರದಿಂದ ಗೇಣಿಯ ಅಕ್ಕಿ ಅಳೆದ ಹಾಲಕ್ಕಿಗಳು, ಕೋಮಾರಪಂತರು, ಪಡ್ತಿಗಳು ಡಿಕ್ಲರೇಶನ್ ಅರ್ಜಿ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ಕೈಕಟ್ಟಿ ನಿಂತು, ಉತ್ತಾರದಲ್ಲಿ ಮೊದಲ ಬಾರಿಗೆ ತಮ್ಮ ಹೆಸರನ್ನು ಕಂಡರು. ಮಂಡಳಿಯ ತೀರ್ಪು ಬರಲು ವರ್ಷಗಳು ಹಿಡಿದುವು. ದೇಸಾಯಿಯವರು 1982ರಲ್ಲಿ ತೀರಿಕೊಂಡರು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು.

ಈ ಎರಡು ವರ್ಷಗಳನ್ನು, 1974 ಮತ್ತು 1986ನ್ನು, ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ನನ್ನ ಮಟ್ಟಿಗೆ ಈ ಕರಾವಳಿಯ ಆಧುನಿಕ ಚರಿತ್ರೆಯ ತಿರುಳು ಅಲ್ಲಿದೆ. ನೂರಾರು ವರ್ಷ ಒಕ್ಕಲಾಗಿದ್ದವನು ಒಡೆಯನಾಗಿ ಉಳಿದ ಅವಧಿ ಹನ್ನೆರಡು ವರ್ಷ. ಹಕ್ಕುಪತ್ರದ ಶಾಯಿ ಆರುವ ಮೊದಲೇ ಸ್ವಾಧೀನದ ನೋಟೀಸು ಬಂತು. ಅರ್ಗಾ, ಚೆಂಡಿಯಾ, ಅಮದಳ್ಳಿ, ತೋಡೂರು ಮೊದಲಾದ ಊರುಗಳಿಂದ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಎದ್ದುವು. ಅಡಿಗಲ್ಲಿಗೂ ಎಬ್ಬಿಸುವಿಕೆಗೂ ನಡುವೆ ಹತ್ತು ವರ್ಷಗಳಿಗೂ ಮೀರಿದ ಅನಿಶ್ಚಯ. ಆ ಅವಧಿಯಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ತೆಂಗಿನ ಸಸಿ ನೆಡಲು ಮನಸ್ಸಿಲ್ಲ. ಹೇಳಿದ ದಿನ ಎಬ್ಬಿಸಿದ್ದರೆ ಒಂದು ನೋವು; ಹೀಗೆ ತುದಿಗಾಲಲ್ಲಿ ನಿಲ್ಲಿಸಿದ್ದು ಇನ್ನೊಂದು. ಎರಡನೆಯದಕ್ಕೆ ಯಾವ ಕೋರ್ಟಿನಲ್ಲೂ ಪರಿಹಾರವಿಲ್ಲ. 2005ರ ಮೇ 31ರಂದು ಅಲ್ಲಿ ನೌಕಾನೆಲೆ ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಬನವಾಸಿಯ ಅರಸು ಮನೆತನದ ಹೆಸರು. ಕನ್ನಡಿಗನಾಗಿ ಸಂತೋಷಪಡಬೇಕೋ ಏನೋ.

ದೇಶಕ್ಕೆ ನೌಕಾನೆಲೆ ಬೇಡವೆಂದು ನಾನು ಹೇಳುತ್ತಿಲ್ಲ. ಎದ್ದವರಲ್ಲಿಯೂ ಹಾಗೆ ಹೇಳಿದವರನ್ನು ನಾನು ಕಂಡಿಲ್ಲ. ಅವರ ಜಗಳ ಲೆಕ್ಕದ ಮೇಲಿತ್ತು. ಅಂದು ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯಿದೆ, ಬ್ರಿಟಿಷರು ಮಾಡಿದ್ದು. 2014ರ ಜನವರಿಯಲ್ಲಿ ಹೊಸ ಕಾಯಿದೆ ಬರುವ ತನಕ ಅದೇ ನಡೆಯಿತು. ಅದು ಉತ್ತಾರದಲ್ಲಿ ಹೆಸರಿದ್ದವನ ಗುಂಟೆಗಳನ್ನು ಎಣಿಸುತ್ತಿತ್ತು, ಮನೆಯ ಗೋಡೆಯನ್ನು ಅಳೆಯುತ್ತಿತ್ತು, ಮಾವು ತೆಂಗುಗಳನ್ನು ತಲೆಯೆಣಿಕೆ ಮಾಡುತ್ತಿತ್ತು. ಒಪ್ಪೋಣ. ಆದರೆ ಸೊಪ್ಪು ತರುವ ಬೆಟ್ಟ ಯಾರ ಹೆಸರಿನಲ್ಲಿತ್ತು? ಮೀನುಗಾರನ ಬಲೆ ಒಣಗುವ ಮರಳದಂಡೆಗೆ ಯಾವ ಸರ್ವೆ ನಂಬರು? ಕಡಲಿಗೆ ಉತ್ತಾರವಿಲ್ಲ. ನಾಗಬನದ ಬೆಲೆಯನ್ನು ಯಾವ ಅಧಿಕಾರಿ ಕಟ್ಟಬಲ್ಲ? ಇನ್ನೊಬ್ಬರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವಳಿಗೆ ಗದ್ದೆ ಹೋದಾಗ ಏನೂ ಹೋಗಲಿಲ್ಲವೆಂದೇ ಆ ಕಾಯಿದೆಯ ತಿಳುವಳಿಕೆ. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದುವು. ಮುದುಕರು ಹಣ ಕಾಣುವ ಮೊದಲೇ ಕಣ್ಣು ಮುಚ್ಚಿದರು.

ನದಿಯ ಮೇಲಣ ಪಾತ್ರದ ಕತೆ ಇದಕ್ಕಿಂತ ಮೊದಲಿನದು. ಪಾಂಢರಿ ಹೊಳೆ ಕಾಳಿಯನ್ನು ಕೂಡುವಲ್ಲಿ ಸೂಪಾ ಎಂಬ ತಾಲೂಕು ಕೇಂದ್ರವಿತ್ತು. 101 ಮೀಟರು ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ಪೇಟೆ, ಕಚೇರಿ, ದೇವಸ್ಥಾನಗಳೆಲ್ಲ ನೀರಿನಡಿಗೆ ಹೋದುವು. ಕಚೇರಿ ಜೋಯಿಡಾಕ್ಕೆ ಹೋಯಿತು, ಬಹಳ ಜನ ಬೆಳಗಾವಿ–ಗೋವೆ ದಾರಿಯ ರಾಮನಗರಕ್ಕೆ ಹೋದರು, ತಾಲೂಕಿನ ಹೆಸರೂ ಬದಲಾಯಿತು. ನಾನು ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ ಆ ಕಡೆಯ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಪ್ರವೇಶಪತ್ರದಲ್ಲಿ ‘ಸ್ವಂತ ಊರು’ ಎಂಬ ಅಂಕಣದಲ್ಲಿ ಸೂಪಾ ಎಂದು ಬರೆದು, ಹೊಡೆದು ಹಾಕಿ, ರಾಮನಗರ ಎಂದು ಬರೆದು, ಅದನ್ನೂ ಹೊಡೆದು, ಅಂಕಣವನ್ನು ಖಾಲಿ ಬಿಟ್ಟಿದ್ದ. ಗುಮಾಸ್ತರು ಅದನ್ನು ಅಪೂರ್ಣವೆಂದು ಹಿಂದಿರುಗಿಸಿದರು. ಕೊನೆಗೆ ಏನು ಬರೆದನೋ ನಾನು ಕೇಳಲಿಲ್ಲ; ಕೇಳುವ ಹಾಗಿರಲಿಲ್ಲ.

ಸೂಪಾದ ನೀರು ನಾಗಝರಿಯಲ್ಲಿ ವಿದ್ಯುತ್ತಾಗಿ, ಕೊಡಸಳ್ಳಿಯಲ್ಲಿ ಮತ್ತೊಮ್ಮೆ ವಿದ್ಯುತ್ತಾಗಿ, ಕದ್ರಾದಲ್ಲಿ ಮಗುದೊಮ್ಮೆ ವಿದ್ಯುತ್ತಾಗುತ್ತದೆ. ಕದ್ರಾದ ಜಲಾಶಯವೇ ಕೈಗಾದ ಸ್ಥಾವರವನ್ನು ತಂಪುಮಾಡುವ ನೀರು. ಹೀಗೆ ಒಂದೇ ನೀರಿಗಾಗಿ ಮೇಲಿನಿಂದ ಕೆಳಗಿನವರೆಗೆ ಒಂದರ ನಂತರ ಒಂದು ಸಾಲು ಜನ ಎದ್ದರು. ಕೈಗಾ ಯೋಜನೆಯನ್ನು ಎದುರಿಸಿದವರಲ್ಲಿ ಶಿವರಾಮ ಕಾರಂತರು ಮುಖ್ಯರು. 1989ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಈ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ಗೆಲ್ಲುವ ಆಸೆಯಿಂದ ನಿಂತವರಲ್ಲ ಅವರು. ಓಟಿನ ಸಭೆಯಲ್ಲಾದರೂ ಜನ ಈ ಮಾತು ಕೇಳಲಿ ಎಂಬುದು ಇರಬೇಕು. 1994ರ ಮೇ 13ರಂದು, ಕಟ್ಟುತ್ತಿರುವಾಗಲೇ, ಮೊದಲ ಘಟಕದ ಗುಮ್ಮಟದ ಒಳಪದರ ಕುಸಿದು ಬಿತ್ತು. ಅಂದು ಅದರಲ್ಲಿ ಇಂಧನ ಇರಲಿಲ್ಲವೆಂಬುದು ನಮ್ಮ ಪುಣ್ಯ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಅದೇ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ಓಡಿ ಜಗತ್ತಿನ ದಾಖಲೆಯನ್ನು ಮುರಿಯಿತು. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಈಗ ಅಲ್ಲಿವೆ. ಮಲ್ಲಾಪುರದಲ್ಲಿ ನೌಕರರ ವಸಾಹತು ಬೆಳೆದಿದೆ. ದೇಶದ ನಾನಾ ಕಡೆಯಿಂದ ಬಂದವರು ಅಲ್ಲಿ ನೆಲೆ ಕಂಡಿದ್ದಾರೆ, ಅವರ ಮಕ್ಕಳಿಗೆ ಕೈಗಾ ಹುಟ್ಟೂರು. ಒಬ್ಬರು ಎದ್ದ ನೆಲ ಇನ್ನೊಬ್ಬರಿಗೆ ಊರಾಯಿತು. ಅಣುಸ್ಥಾವರದ ಸುತ್ತ ಇಷ್ಟು ದೂರ ಯಾರೂ ವಾಸಿಸಕೂಡದು, ಅದರಾಚೆ ಐದು ಕಿಲೋಮೀಟರಿನ ತನಕ ಊರು ಹೆಚ್ಚು ಬೆಳೆಯಕೂಡದು ಎಂಬ ನಿಯಮವಿದೆ. ಎದ್ದವರ ಸಂಗತಿ ಎಲ್ಲರಿಗೂ ಗೊತ್ತು. ಈ ಎರಡನೆಯ ವಲಯದಲ್ಲಿ ಏಳದೆ ಕುಳಿತವರ ಸಂಗತಿಯನ್ನು ಯಾರೂ ಬರೆದಂತಿಲ್ಲ.

2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ, ಕದ್ರಾದ ಗೇಟುಗಳನ್ನು ತೆರೆದಾಗ ಕೆಳದಂಡೆಯ ಮನೆಗಳಿಗೆ ನೀರು ನುಗ್ಗಿ ಜನ ಕಾಳಜಿ ಕೇಂದ್ರಗಳಲ್ಲಿ ಮಲಗಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಗಂಗಾವಳಿಯ ಆಚೆ ದಂಡೆಯ ಉಳುವರೆಯ ಮನೆಗಳನ್ನೂ ನೀರು ಕೊಚ್ಚಿತು. ಇವರನ್ನು ಯಾವ ಯೋಜನೆಯ ಪಟ್ಟಿಯಲ್ಲಿ ಸೇರಿಸುವುದು?

ಎದ್ದ ಊರುಗಳ ಕುರಿತು ಆಗಬೇಕಾದ ಒಂದು ಕೆಲಸವನ್ನು ನಮ್ಮ ಕನ್ನಡ ವಿಭಾಗಗಳ ತರುಣರ ಮುಂದೆ ಇಡಬಯಸುತ್ತೇನೆ. ಸ್ವಾಧೀನದ ಕಡತಗಳಲ್ಲಿ ಸರ್ವೆ ನಂಬರುಗಳಿವೆ, ಗದ್ದೆಗಳ ಹೆಸರುಗಳಿಲ್ಲ. ನಮ್ಮ ಕಡೆ ಪ್ರತಿಯೊಂದು ಗದ್ದೆಗೂ ಹೆಸರಿರುತ್ತದೆ, ಪ್ರತಿ ಹೊಳೆಗುಂಡಿಗೂ, ದೋಣಿ ಕಟ್ಟುವ ಬಂಡೆಗೂ ಇರುತ್ತದೆ. ಕನ್ನಡದಲ್ಲಿ ಕೆಲವು, ಕೊಂಕಣಿಯಲ್ಲಿ ಕೆಲವು, ಹಾಲಕ್ಕಿಗಳ ಆಡುನುಡಿಯಲ್ಲಿ ಕೆಲವು. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. 2025ರ ಫೆಬ್ರವರಿಯಲ್ಲಿ ಅವರೂ ಹೋದರು. ಊರಿನ ಹೆಸರುಗಳನ್ನು ಹಾಗೆ ನೆನಪಿಟ್ಟವರು ರಾಮನಗರದಲ್ಲಿ, ಅಮದಳ್ಳಿ ಮತ್ತು ತೋಡೂರಿನ ಪುನರ್ವಸತಿ ಕಾಲೊನಿಗಳಲ್ಲಿ ಇನ್ನೂ ಇದ್ದಾರೆ. ಸೂಪಾ ಮುಳುಗಿದಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತರ ಆಸುಪಾಸು. ಹೋಗಿ ಕೇಳಿದರೆ ಹೇಳುತ್ತಾರೆ, ಗದ್ದೆಯಿಂದ ಗದ್ದೆಗೆ, ನೀರು ಹಾಯಿಸಿದ ಕ್ರಮದಲ್ಲಿ.