ದೋಷಿಯಾದ ಗುರು, ಪ್ರಾಮಾಣಿಕ ನಾಸ್ತಿಕ

ಗ್ರಹಾಂ ಗ್ರೀನ್ ಅವರ ‘ದ ಪವರ್ ಅಂಡ್ ದ ಗ್ಲೋರಿ’ ಎಂಬ ಇಂಗ್ಲಿಷ್ ಕಾದಂಬರಿ 1940ರಲ್ಲಿ ಬೆಳಕು ಕಂಡಿತು. ಇಪ್ಪತ್ತನೆಯ ಶತಮಾನದ ಕಥೋಲಿಕ ಸಾಹಿತ್ಯದಲ್ಲಿ ಅದಕ್ಕೆ ಅಗ್ರಸ್ಥಾನ ನೀಡುವವರು ಅನೇಕರು. ಆದರೆ ಭಕ್ತಿಯ ಪುಸ್ತಕವೆಂದು ಭಾವಿಸಿ ಅದನ್ನು ಕೈಗೆತ್ತಿಕೊಂಡವರಿಗೆ ಬಹುಬೇಗ ಇರುಸುಮುರುಸಾಗುತ್ತದೆ. ಅದರ ಕಥಾನಾಯಕ ಒಬ್ಬ ಗುರು. ಮದ್ಯವ್ಯಸನಿ, ಅಂಜುಬುರುಕ, ಏಳು ವರ್ಷದ ಹೆಣ್ಣುಮಗುವೊಂದರ ತಂದೆ. ಆತನನ್ನು ಬೇಟೆಯಾಡುವ ಪೊಲೀಸ್ ಲೆಫ್ಟಿನೆಂಟನಾದರೋ ಕುಡಿಯುವುದಿಲ್ಲ, ಲಂಚ ಮುಟ್ಟುವುದಿಲ್ಲ, ಹೆಣ್ಣಿನ ಸಹವಾಸ ಬಯಸುವುದಿಲ್ಲ. ಆತ ವಾಸಿಸುವ ಕೋಣೆ ಸನ್ಯಾಸಿಯ ಕೋಣೆಯಂತೆ ಬರಿದು. ದೇವರಿಲ್ಲವೆಂಬುದು ಆತನಿಗೆ ಅನುಮಾನದ ಮಾತಲ್ಲ, ಕಂಡುಂಡ ಸತ್ಯ. ಇಬ್ಬರಿಗೂ ಲೇಖಕರು ಹೆಸರಿಟ್ಟಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯ ಕೊನೆಗೆ ಸೇರಿಸಿ ಹೇಳುವ ಸ್ತುತಿವಾಕ್ಯದಿಂದ ಕೃತಿಯ ಶೀರ್ಷಿಕೆಯನ್ನು ಆರಿಸಿಕೊಂಡರು. ಅಂದು ಆ ಸ್ತುತಿಯನ್ನು ಪ್ರಾರ್ಥನೆಯೊಡನೆ ಹೇಳುತ್ತಿದ್ದವರು ಪ್ರೊಟೆಸ್ಟೆಂಟ್ ಬಂಧುಗಳು. ನಮ್ಮ ಬಲಿಪೂಜೆಯೊಳಗೆ ಅದು ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ.

ಸದ್ಗುಣಗಳನ್ನೆಲ್ಲ ನಾಸ್ತಿಕನಿಗೆ ಕೊಟ್ಟು, ದೋಷಗಳನ್ನೆಲ್ಲ ಗುರುವಿನ ಹೆಗಲಿಗೆ ಹೊರಿಸಿದ್ದೇಕೆ ಎಂಬುದನ್ನು ಅರಿಯಬೇಕಾದರೆ ಕಥೆ ನಡೆಯುವ ನೆಲದ ಇತಿಹಾಸವನ್ನು ತುಸು ನೋಡಬೇಕು.

ಆ ನೆಲ ಮೆಕ್ಸಿಕೊ. ಸ್ಪೇನಿನ ಮುನ್ನೂರು ವರ್ಷಗಳ ಆಳ್ವಿಕೆಯಲ್ಲಿ ಧರ್ಮಸಭೆ ಅಲ್ಲಿನ ಜನಜೀವನದಲ್ಲಿ ಆಳವಾಗಿ ಬೇರೂರಿತ್ತು. ಅದರೊಂದಿಗೆ ಭೂಮಿಯೂ ಸಂಪತ್ತೂ ಅದರ ಕೈಸೇರಿದ್ದವು. 1910ರಲ್ಲಿ ಆರಂಭವಾದ ಕ್ರಾಂತಿಯ ನಾಯಕರಲ್ಲಿ ಅನೇಕರಿಗೆ ಗುರುಗಳು ಜಮೀನುದಾರರ ಮಿತ್ರರಾಗಿಯೇ ಕಂಡರು. 1917ರ ಸಂವಿಧಾನ ಧರ್ಮಸಭೆಯ ಆಸ್ತಿಯನ್ನು ರಾಷ್ಟ್ರದ ಸ್ವತ್ತಾಗಿಸಿತು, ಸನ್ಯಾಸ ಸಂಸ್ಥೆಗಳನ್ನು ನಿಷೇಧಿಸಿತು, ಗುರುಗಳ ಮತದಾನದ ಹಕ್ಕನ್ನು ಕಸಿದುಕೊಂಡಿತು. ಎಷ್ಟು ಮಂದಿ ಗುರುಗಳಿರಬೇಕೆಂದು ನಿರ್ಧರಿಸುವ ಅಧಿಕಾರವನ್ನು ಪ್ರತಿ ರಾಜ್ಯಕ್ಕೂ ಕೊಟ್ಟಿತು. 1924ರಲ್ಲಿ ಅಧ್ಯಕ್ಷರಾದ ಪ್ಲುತಾರ್ಕೊ ಎಲಿಯಾಸ್ ಕಾಯೆಸ್, 1926ರಲ್ಲಿ ಈ ವಿಧಿಗಳನ್ನು ಮೀರಿದವರಿಗೆ ಶಿಕ್ಷೆ ವಿಧಿಸುವ ಕಾನೂನು ತಂದರು. ಅದನ್ನು ಪ್ರತಿಭಟಿಸಿ ಧರ್ಮಾಧ್ಯಕ್ಷರುಗಳು ಆ ವರ್ಷದ ಜುಲೈ 31ರಿಂದ ದೇಶದಾದ್ಯಂತ ಸಾರ್ವಜನಿಕ ಆರಾಧನೆಯನ್ನೇ ನಿಲ್ಲಿಸಿದರು. ರೈತಾಪಿ ಜನ ಬಂದೂಕು ಹಿಡಿದರು. ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದ್ದು 1925ರ ಡಿಸೆಂಬರಿನಲ್ಲಿ. ಒಂದೇ ವರ್ಷದೊಳಗೆ ‘ಕ್ರಿಸ್ತರಾಜನಿಗೆ ಜಯವಾಗಲಿ’ ಎಂಬುದು ಮೆಕ್ಸಿಕೊದ ಹಳ್ಳಿಗಳಲ್ಲಿ ರಣಘೋಷವಾಯಿತು. 1927ರ ನವೆಂಬರ್ 23ರಂದು ಯೇಸುಸಭೆಯ ಗುರು ಮಿಗೆಲ್ ಪ್ರೊ ಅವರನ್ನು ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಂದಾಗ ಸರ್ಕಾರವೇ ಛಾಯಾಗ್ರಾಹಕರನ್ನು ಕರೆಸಿತ್ತು. ಶಿಲುಬೆಯಂತೆ ತೋಳು ಚಾಚಿ ನಿಂತ ಅವರ ಚಿತ್ರ ಜನರನ್ನು ಹೆದರಿಸುವ ಬದಲು ಮನೆಮನೆಗಳ ಪ್ರಾರ್ಥನಾ ಕೋಣೆ ಸೇರಿತು.

1929ರ ಜೂನಿನಲ್ಲಿ ಸಂಧಾನವಾಯಿತು. ಆದರೆ ದಕ್ಷಿಣದ ಜೌಗುನೆಲದ ರಾಜ್ಯ ತಬಾಸ್ಕೊಗೆ ಆ ಸಂಧಾನ ತಲುಪಲೇ ಇಲ್ಲ. ಅಲ್ಲಿ ಟೊಮಾಸ್ ಗಾರಿದೊ ಕನಾಬಾಲ್ ಎಂಬ ನಾಯಕನ ಮಾತೇ ಕಾನೂನು. ಮದುವೆಯಾದ ಗುರುಗಳಿಗಷ್ಟೇ ಅಲ್ಲಿ ಪರವಾನಗಿ. ದೇವಾಲಯಗಳನ್ನು ಕೆಡವಿಸಿದ, ಸಂತರ ಪ್ರತಿಮೆಗಳನ್ನು ಬಹಿರಂಗವಾಗಿ ಸುಡಿಸಿದ, ಸಮಾಧಿಗಳ ಮೇಲಿನ ಶಿಲುಬೆಗಳನ್ನೂ ತೆಗೆಸಿದ. ‘ಕೆಂಪಂಗಿ’ಗಳೆಂಬ ಯುವಪಡೆಯೊಂದು ಆತನ ಕೈಕೆಳಗಿತ್ತು. ಹೆತ್ತ ಮಗನಿಗೆ ಲೆನಿನ್ ಎಂದು ಹೆಸರಿಟ್ಟಿದ್ದ. ಇಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು: ಆತ ಶಾಲೆಗಳನ್ನು ತೆರೆದ, ಕೃಷಿಮೇಳಗಳನ್ನು ನಡೆಸಿದ, ಬಡವರ ಸಂಸಾರಗಳನ್ನು ಹಾಳುಮಾಡುತ್ತದೆಂದು ಮದ್ಯವನ್ನು ನಿಷೇಧಿಸಿದ. ಮದ್ಯದೊಂದಿಗೆ ಬಲಿಪೂಜೆಯ ದ್ರಾಕ್ಷಾರಸವೂ ಕಳ್ಳಮಾಲಾಯಿತು. 1935ರಲ್ಲಿ ಗಾರಿದೊ ಅಧಿಕಾರ ಕಳೆದುಕೊಂಡು ದೇಶ ಬಿಟ್ಟ.

1904ರಲ್ಲಿ ಹುಟ್ಟಿದ ಗ್ರೀನ್ 1926ರಲ್ಲಿ ಕಥೋಲಿಕ ವಿಶ್ವಾಸವನ್ನು ಅಪ್ಪಿಕೊಂಡವರು. 1938ರಲ್ಲಿ ಅವರು ತಬಾಸ್ಕೊ ಮತ್ತು ನೆರೆಯ ಚಿಯಾಪಾಸ್ ರಾಜ್ಯಗಳಲ್ಲಿ ಹಡಗಿನಲ್ಲೂ ಹೇಸರಗತ್ತೆಯ ಮೇಲೂ ಸುತ್ತಾಡಿದರು. ತಬಾಸ್ಕೊದ ರಾಜಧಾನಿಯಲ್ಲಿ ಪ್ರಧಾನಾಲಯ ನಿಂತಿದ್ದ ಜಾಗ ಮಕ್ಕಳ ಆಟದ ಅಂಗಳವಾಗಿತ್ತು. ತಲೆಮರೆಸಿಕೊಂಡು ಅಲೆಯುತ್ತಿದ್ದ ಗುರುವೊಬ್ಬನ ಸಂಗತಿಯನ್ನು ಅಲ್ಲಿನ ನಿವಾಸಿಯೊಬ್ಬರು ತಾತ್ಸಾರದಿಂದ ಹೇಳಿದರಂತೆ: ಆತ ಬರಿಯ ‘ವಿಸ್ಕಿ ಪಾದ್ರಿ’, ಕುಡಿದ ಅಮಲಿನಲ್ಲಿ ಗಂಡುಮಗುವಿಗೆ ಬ್ರಿಜಿತಾ ಎಂದು ಹೆಣ್ಣಿನ ಹೆಸರಿಟ್ಟು ದೀಕ್ಷಾಸ್ನಾನ ಕೊಡಲು ಹಟ ಹಿಡಿದಿದ್ದ, ಅಂಥವನು ಹೋದರೆ ನಷ್ಟವೇನು? ಗ್ರೀನ್ ಅವರ ಮನಸ್ಸಿಗೆ ಅಂಟಿಕೊಂಡದ್ದು ಆ ನಿಷ್ಪ್ರಯೋಜಕ ಗುರುವೇ. ಕಾದಂಬರಿಯ ಗುರುವಿನ ಮಗಳಿಗೂ ಅದೇ ಹೆಸರಿದೆ.

ಲೆಫ್ಟಿನೆಂಟನ ವಿಷಯ ಬೇರೆ. ಅಂಥ ಆದರ್ಶವಾದಿ ಪೊಲೀಸನನ್ನು ತಾವು ಮೆಕ್ಸಿಕೊದಲ್ಲಿ ಎಲ್ಲಿಯೂ ಕಾಣಲಿಲ್ಲ, ಸೋತ ಗುರುವಿಗೆ ಎದುರಾಗಿ ನಿಲ್ಲಲೆಂದು ಅವನನ್ನು ಕಲ್ಪಿಸಿಕೊಳ್ಳಬೇಕಾಯಿತೆಂದು ಗ್ರೀನ್ ಮುಂದೆ ಬರೆದುಕೊಂಡಿದ್ದಾರೆ. ಇದು ಗಮನಿಸಬೇಕಾದ ಮಾತು. ಕಣ್ಣೆದುರಿಗಿದ್ದ ಭ್ರಷ್ಟ ಅಧಿಕಾರಿಗಳನ್ನೇ ಚಿತ್ರಿಸಿದ್ದರೆ ವಿಶ್ವಾಸದ ಗೆಲುವು ಎಷ್ಟು ಸುಲಭವಾಗುತ್ತಿತ್ತು! ಅದನ್ನು ಬಿಟ್ಟು, ನಾಸ್ತಿಕತೆಗೆ ಅದು ಪಡೆಯಬಹುದಾದ ಅತ್ಯುತ್ತಮ ಪ್ರತಿನಿಧಿಯನ್ನು ಅವರೇ ಒದಗಿಸಿಕೊಟ್ಟರು.

ಈ ಲೆಫ್ಟಿನೆಂಟನ ಸಿಟ್ಟಿಗೆ ಕಾರಣವಿದೆ. ಬಾಲ್ಯದಲ್ಲಿ ಆತ ಹಸಿವನ್ನು ಕಂಡಿದ್ದಾನೆ. ಹಸಿದವರಿಂದಲೇ ಕಾಣಿಕೆ ಕೇಳುತ್ತಿದ್ದ ಗುರುಗಳನ್ನೂ ಕಂಡಿದ್ದಾನೆ. ತನ್ನ ಊರಿನ ಮಕ್ಕಳಿಗೆ ಆ ಬಾಲ್ಯ ಬೇಡವೆಂಬುದೇ ಆತನ ಹಂಬಲ. ಆ ಮಕ್ಕಳಿಗಾಗಿ ಪ್ರಾಣ ಕೊಡಬಲ್ಲ, ಕೊಲ್ಲಲೂ ಬಲ್ಲ. ಗುರುವನ್ನು ಅಡಗಿಸಿಟ್ಟ ಹಳ್ಳಿಗಳಿಂದ ಒಬ್ಬೊಬ್ಬನನ್ನು ಒತ್ತೆಯಾಳಾಗಿ ಹಿಡಿದು ಗುಂಡಿಕ್ಕಿಸುತ್ತಾನೆ. ಹಾಗೆ ಸಾಯುವವರು ಆತ ಉದ್ಧರಿಸಹೊರಟ ಬಡವರೇ.

ಗುರುವಿನ ಹಿಂದಿನ ಚಿತ್ರ ಪೊಲೀಸ್ ಕಚೇರಿಯ ಗೋಡೆಯ ಮೇಲಿದೆ: ಮಕ್ಕಳ ಪ್ರಥಮ ಪರಮಪ್ರಸಾದದ ಔತಣದಲ್ಲಿ, ಸಿರಿವಂತ ಸ್ತ್ರೀಯರ ನಡುವೆ ಕುಳಿತ ದುಂಡುಮುಖದ ಯುವಕ. ಆ ಆತ್ಮತೃಪ್ತ ಯುವಕ ಈಗಿಲ್ಲ. ಉಪವಾಸ ಹೋಯಿತು, ಪ್ರಾರ್ಥನಾ ಪುಸ್ತಕ ಹೋಯಿತು, ಪೂಜಾಪೀಠದ ಶಿಲೆಯನ್ನು ದಾರಿಯಲ್ಲೇ ಬಿಟ್ಟದ್ದಾಯಿತು. ಒಂಟಿತನದ ಹತಾಶೆಯಲ್ಲಿ ಮರಿಯಾ ಎಂಬ ಹೆಣ್ಣಿನ ಸಂಗವೂ ಆಯಿತು. ಪಾಪನಿವೇದನೆ ಮಾಡಿಕೊಳ್ಳೋಣವೆಂದರೆ ರಾಜ್ಯದಲ್ಲಿ ಬೇರೆ ಗುರುವಿಲ್ಲ. ಇರುವವನು ಜೋಸ್ ಒಬ್ಬನೇ. ಕಾನೂನಿಗೆ ಹೆದರಿ ಮದುವೆಯಾಗಿ, ಸರ್ಕಾರದ ಪಿಂಚಣಿ ತಿನ್ನುತ್ತ, ಬೀದಿಮಕ್ಕಳ ನಗೆಗೆ ಗುರಿಯಾಗಿ ಬದುಕಿರುವವನು. ಉಳಿದ ಗುರುಗಳೆಲ್ಲ ಓಡಿಹೋದಾಗ ತಾನು ಉಳಿದದ್ದು ಧೈರ್ಯದಿಂದಲ್ಲ, ಗರ್ವದಿಂದ ಎಂದು ಗುರು ತಾನೇ ಒಪ್ಪಿಕೊಳ್ಳುತ್ತಾನೆ.

ಇಬ್ಬರೂ ಮೂರು ಬಾರಿ ಮುಖಾಮುಖಿಯಾಗುತ್ತಾರೆ. ಮೊದಲನೆಯದು ಮರಿಯಾಳ ಹಳ್ಳಿಯಲ್ಲಿ. ಸಾಲಾಗಿ ನಿಂತ ರೈತರಲ್ಲಿ ಗುರು ಯಾರೆಂದು ತಿಳಿಯದೆ ಲೆಫ್ಟಿನೆಂಟ್ ಮಗುವೊಂದನ್ನು ಕರೆದು ನಿನ್ನ ತಂದೆ ಯಾರೆಂದು ಕೇಳುತ್ತಾನೆ. ಬ್ರಿಜಿತಾ ಕೈಮಾಡಿ ತೋರಿಸುತ್ತಾಳೆ. ಹೆಂಡತಿ ಮಕ್ಕಳಿರುವ ರೈತನೆಂದು ಗುರುವನ್ನು ಬಿಟ್ಟುಬಿಡುತ್ತಾರೆ. ಆತನ ಪಾಪವೇ ಆತನನ್ನು ಕಾಯುತ್ತದೆ. ಎರಡನೆಯ ಸಲ, ಕಳ್ಳಮದ್ಯ ಇಟ್ಟುಕೊಂಡ ತಪ್ಪಿಗೆ ಸೆರೆಯಾದ ಗುರುವನ್ನು ಗುರುತಿಸದೆ ಲೆಫ್ಟಿನೆಂಟ್ ಬೆಳಿಗ್ಗೆ ಬಿಡುಗಡೆ ಮಾಡುತ್ತಾನೆ. ನಿರ್ಗತಿಕನೆಂದು ಮರುಕಪಟ್ಟು ಐದು ಪೆಸೊ ನಾಣ್ಯವನ್ನು ಕೈಯಲ್ಲಿಡುತ್ತಾನೆ. ಒಂದು ಬಲಿಪೂಜೆಗೆ ಜನ ಕೊಡುತ್ತಿದ್ದ ಕಾಣಿಕೆ ಅಷ್ಟೇ. ನೀನು ಒಳ್ಳೆಯ ಮನುಷ್ಯನೆಂದು ಗುರು ಬೆರಗಿನಿಂದ ನುಡಿಯುತ್ತಾನೆ.

ಗಡಿ ದಾಟಿದ ಗುರು ಪಾರಾಗಿಯೇ ಬಿಟ್ಟಿದ್ದ. ಆಗ ಸಾಯುತ್ತಿರುವ ಕೊಲೆಗಾರನೊಬ್ಬ ಪಾಪನಿವೇದನೆಗೆ ಕರೆದಿದ್ದಾನೆಂಬ ಸುದ್ದಿ ಬರುತ್ತದೆ. ಸುದ್ದಿ ತಂದವನು ಯೂದನಂಥವನು, ಬಹುಮಾನದ ಆಸೆಗೆ ತನ್ನನ್ನು ಒಪ್ಪಿಸಲಿದ್ದಾನೆಂದು ತಿಳಿದೂ ಗುರು ಹಿಂದಿರುಗುತ್ತಾನೆ. ಆ ಕೊಲೆಗಾರ ಪಶ್ಚಾತ್ತಾಪಪಡದೆಯೇ ಸಾಯುತ್ತಾನೆ. ಬಾಗಿಲಲ್ಲಿ ಲೆಫ್ಟಿನೆಂಟ್ ನಿಂತಿದ್ದಾನೆ. ಹೊರಗೆ ಬಿರುಗಾಳಿ ಮಳೆ. ಅದು ನಿಲ್ಲುವವರೆಗೆ ಗುಡಿಸಿಲಿನಲ್ಲಿ ಇಬ್ಬರೂ ಮಾತಿಗೆ ಕೂರುತ್ತಾರೆ.

ಈ ಸಂವಾದದಲ್ಲಿ ಗುರು ಎಲ್ಲೆಡೆಯೂ ಗೆಲ್ಲುವುದಿಲ್ಲ. ಬಡವರಿಗಾಗಿ ನೀವು ಮಾಡಿದ್ದೇನು ಎಂದು ಲೆಫ್ಟಿನೆಂಟ್ ಕೇಳಿದಾಗ, ಬಡವನನ್ನು ಬಡತನದಲ್ಲೇ ಬಿಟ್ಟು ಸ್ವರ್ಗದಲ್ಲಿ ಎಚ್ಚರಗೊಳ್ಳಲು ಬಿಡುವುದೇ ಮೇಲಲ್ಲವೇ, ನಾವು ಅವನನ್ನು ಕೆಸರಿಗೆ ತುಳಿಯದಿದ್ದರೆ ಸಾಕು ಎಂಬರ್ಥದ ಮಾತನ್ನು ಗುರು ಆಡುತ್ತಾನೆ. ಈ ಉತ್ತರ ನಮಗೆ ಒಪ್ಪಿಗೆಯಾಗದು. ಧರ್ಮಸಭೆಗೂ ಅದು ಒಪ್ಪಿಗೆಯಾಗದು. ಕಾರ್ಮಿಕರಿಗೆ ನ್ಯಾಯವಾದ ವೇತನ ಸಲ್ಲಬೇಕೆಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲೇ ವಿಶ್ವಪತ್ರ ಬರೆದಿದ್ದರು. ಬಡವರ ವಿಚಾರದಲ್ಲಿ ಲೆಫ್ಟಿನೆಂಟನ ಆರೋಪ ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ.

ಆದರೆ ಗುರುವಿನ ಇನ್ನೊಂದು ಮಾತಿಗೆ ಲೆಫ್ಟಿನೆಂಟನಲ್ಲಿ ಉತ್ತರವಿಲ್ಲ. ನಿನ್ನ ಕೆಲಸ ನಡೆಯಬೇಕಾದರೆ ನಿನ್ನ ಪಕ್ಷದಲ್ಲಿ ನಿನ್ನಂಥ ಒಳ್ಳೆಯವರೇ ಸದಾ ಇರಬೇಕು; ಅವರಿಲ್ಲವಾದ ದಿನ ಹಳೆಯ ಹಸಿವು, ಹಳೆಯ ಹೊಡೆತ ಮರಳುತ್ತವೆ. ನನ್ನ ವಿಷಯ ಹಾಗಲ್ಲ. ನಾನು ಹೇಡಿಯಾದರೂ ಸಾಯುವವನ ನಾಲಗೆಯ ಮೇಲೆ ದೇವರನ್ನಿಡಬಲ್ಲೆ, ದೇವರ ಕ್ಷಮೆಯನ್ನು ಕೊಡಬಲ್ಲೆ. ಗುರುವಿನ ವಾದದ ಸಾರ ಇದು.

ಇದು ಗ್ರೀನ್ ಅವರ ಹೊಸ ಕಲ್ಪನೆಯಲ್ಲ. ಸಾವಿರದ ಆರುನೂರು ವರ್ಷಗಳ ಹಿಂದೆ ಉತ್ತರ ಆಫ್ರಿಕದ ಧರ್ಮಸಭೆ ಇದೇ ಪ್ರಶ್ನೆಯಲ್ಲಿ ಬೆಂದು ಹೋಳಾಗಿತ್ತು. 303ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆ ಆರಂಭವಾದಾಗ ಕೆಲವು ಧರ್ಮಾಧ್ಯಕ್ಷರೂ ಗುರುಗಳೂ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ಹಿಂಸೆ ನಿಂತ ಮೇಲೆ ದೊನಾತಿಸ್ತರೆಂಬ ಪಂಗಡ, ಅಂಥವರ ಕೈಯಿಂದಾದ ಅಭಿಷೇಕವೂ ದೀಕ್ಷಾಸ್ನಾನವೂ ಶೂನ್ಯವೆಂದು ಸಾರಿತು. ಅವರು ಕೆಟ್ಟವರಲ್ಲ, ಹಿಂಸೆಯನ್ನು ತಾಳಿಕೊಂಡವರ ಪರಂಪರೆ ಅವರದು. ಆದರೂ 314ರ ಆರ್ಲ್ ಸಭೆ ಅವರ ವಾದವನ್ನು ಒಪ್ಪಲಿಲ್ಲ. ಸಂತ ಅಗಸ್ಟೀನರು ವರ್ಷಾನುಗಟ್ಟಲೆ ಅವರೊಂದಿಗೆ ವಾದಿಸಿದರು: ಪೇತ್ರನ ಕೈಯಿಂದಾಗಲಿ ಯೂದನ ಕೈಯಿಂದಾಗಲಿ, ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ. 1547ರಲ್ಲಿ ತ್ರೆಂತ್ ಮಹಾಸಭೆ ಇದನ್ನೇ ಪುನಃ ಘೋಷಿಸಿತು. ಗ್ರೀನ್ ಅವರ ಲೆಫ್ಟಿನೆಂಟ್ ಒಂದು ಬಗೆಯಲ್ಲಿ ದೇವರಿಲ್ಲದ ದೊನಾತಿಸ್ತ; ಶುದ್ಧರ ಕೈಯಿಂದ ಮಾತ್ರ ಶುದ್ಧವಾದದ್ದು ಬಂದೀತೆಂಬ ನಂಬಿಕೆ ಅವನದು.

ಈ ಬೋಧನೆಯ ಮರೆಯಲ್ಲಿ ಅಯೋಗ್ಯರು ಆಶ್ರಯ ಪಡೆಯಬಹುದೆಂಬ ಭಯ ಅಕಾರಣವಲ್ಲ. ಕಳೆದ ದಶಕಗಳಲ್ಲಿ ಹಲವು ದೇಶಗಳಲ್ಲಿ ಗುರುಗಳ ಅಪರಾಧಗಳನ್ನು ಮುಚ್ಚಿಟ್ಟದ್ದರಿಂದ ಆದ ಗಾಯವನ್ನು ಬಲ್ಲ ನಮಗೆ ಆ ಭಯ ಇನ್ನೂ ಹೆಚ್ಚು. ಕಾದಂಬರಿಯ ಗುರುವಾದರೋ ಆ ಬೋಧನೆಯನ್ನು ತನ್ನ ರಕ್ಷಣೆಗೆಂದು ಒಮ್ಮೆಯೂ ಬಳಸುವುದಿಲ್ಲ. ಸಂಸ್ಕಾರ ಇತರರಿಗೆ ಫಲಿಸುತ್ತದೆ, ತನಗೆ ನರಕವೇ ಗತಿ ಎಂದು ನಂಬಿಯೇ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಾನೆ. ಮಗಳು ಬ್ರಿಜಿತಾಳಿಗಾಗಿ ತನ್ನ ಆತ್ಮವನ್ನೇ ಒತ್ತೆಯಿಟ್ಟು ಪ್ರಾರ್ಥಿಸುವಾಗ, ಜಗತ್ತಿನ ಪ್ರತಿಯೊಬ್ಬರನ್ನೂ ಹೀಗೆಯೇ ಪ್ರೀತಿಸಬೇಕಾಗಿತ್ತೆಂದು ಹೊಳೆದು ಸಂಕಟಪಡುತ್ತಾನೆ. ಮೊದಲಿದ್ದ ನೆಮ್ಮದಿಯ ದಿನಗಳಲ್ಲಿ ಆತನಿಗೆ ಯಾರ ಮೇಲೂ ಅಂಥ ಪ್ರೀತಿಯಿರಲಿಲ್ಲ.

ಮರಣದ ಹಿಂದಿನ ರಾತ್ರಿ ಲೆಫ್ಟಿನೆಂಟ್ ನಿಯಮ ಮೀರಿ ಜೋಸನ ಮನೆಗೆ ಹೋಗುತ್ತಾನೆ, ಕೈದಿಯ ಪಾಪನಿವೇದನೆ ಕೇಳು ಬಾ ಎಂದು ಕರೆಯಲು. ಜೋಸ್ ಹೆದರಿ ಬರುವುದಿಲ್ಲ. ನಾಸ್ತಿಕನು ಬರಿಗೈಯಲ್ಲಿ ಮರಳದೆ, ತಾನೇ ದ್ವೇಷಿಸುವ ಮದ್ಯದ ಸೀಸೆಯೊಂದನ್ನು ಕೈದಿಗೆ ತಂದುಕೊಡುತ್ತಾನೆ. ಬೆಳಿಗ್ಗೆ ಗುಂಡಿನ ಸದ್ದಾಗುತ್ತದೆ. ಗುರು ಮಿಗೆಲ್ ಪ್ರೊ ಅವರಂತೆ ತೋಳು ಚಾಚಿ ನಿಲ್ಲುವ ಘನತೆ ಈ ಗುರುವಿಗೆ ಒದಗುವುದಿಲ್ಲ. ಕಾಲಲ್ಲಿ ಬಲವಿಲ್ಲದೆ ಇಬ್ಬರ ಆಸರೆಯಲ್ಲಿ ಗೋಡೆಯ ಬಳಿಗೆ ಬರುತ್ತಾನೆ. ಕೆಲಸ ಮುಗಿದ ಲೆಫ್ಟಿನೆಂಟನ ಎದೆ ಬರಿದಾಗಿದೆ. ಹಿಂದೆ ಆತನ ಪಿಸ್ತೂಲನ್ನು ಮುಟ್ಟಿ ಸಂಭ್ರಮಿಸಿದ್ದ, ತಾಯಿ ಓದುತ್ತಿದ್ದ ರಕ್ತಸಾಕ್ಷಿಯ ಕಥೆಗೆ ಆಕಳಿಸಿದ್ದ ಲೂಯಿಸ್ ಎಂಬ ಬಾಲಕ ಈಗ ಅದೇ ಪಿಸ್ತೂಲಿನ ಮೇಲೆ ಉಗುಳುತ್ತಾನೆ. ಆ ರಾತ್ರಿ ಮನೆಯ ಬಾಗಿಲು ಬಡಿದ ಅಪರಿಚಿತ ಹೊಸ ಗುರುವಿಗೆ ಬಾಗಿಲು ತೆರೆಯುವವನೂ ಅವನೇ.

1947ರಲ್ಲಿ ಜಾನ್ ಫೋರ್ಡ್ ಈ ಕಥೆಯನ್ನು ‘ದ ಫ್ಯುಜಿಟಿವ್’ ಎಂಬ ಚಲನಚಿತ್ರವಾಗಿಸಿದಾಗ ಗುರುವನ್ನು ನಿಷ್ಕಳಂಕನನ್ನಾಗಿ ಮಾಡಿ, ಅಕ್ರಮ ಸಂತಾನವನ್ನು ಪೊಲೀಸ್ ಅಧಿಕಾರಿಗೆ ವರ್ಗಾಯಿಸಿದರು. ನೋಡುವವರಿಗೆ ಹಿತವೆನಿಸಿರಬಹುದು, ಗ್ರೀನ್ ಅವರಿಗೆ ಹಿತವಾಗಲಿಲ್ಲ. 1953ರಲ್ಲಿ ರೋಮಿನ ಪವಿತ್ರ ಕಾರ್ಯಾಲಯವೂ ಪುಸ್ತಕಕ್ಕೆ ಆಕ್ಷೇಪವೆತ್ತಿತು. ತಿದ್ದದ ಹೊರತು ಮರುಮುದ್ರಣ, ಅನುವಾದ ಕೂಡದೆಂಬ ಸೂಚನೆಯನ್ನು ವೆಸ್ಟ್‌ಮಿನ್‌ಸ್ಟರಿನ ಕಾರ್ಡಿನಲ್ ಗ್ರಿಫಿನ್ ಗ್ರೀನ್ ಅವರಿಗೆ ಓದಿ ಹೇಳಿದರು. ಹಕ್ಕುಗಳು ಪ್ರಕಾಶಕರ ಬಳಿ ಇವೆ ಎಂದು ಗ್ರೀನ್ ವಿನಯದಿಂದ ಉತ್ತರಿಸಿದರು. ಪ್ರಕರಣ ಅಲ್ಲಿಗೇ ತಣ್ಣಗಾಯಿತು.

1965ರಲ್ಲಿ ಆರನೆಯ ಪೌಲ್ ಜಗದ್ಗುರುಗಳನ್ನು ಭೇಟಿಯಾದಾಗ, ನೀವು ಓದಿ ಮೆಚ್ಚಿದ ಈ ಪುಸ್ತಕ ಪವಿತ್ರ ಕಾರ್ಯಾಲಯದ ಖಂಡನೆಗೆ ಒಳಗಾದದ್ದೆಂದು ಗ್ರೀನ್ ಹೇಳಿದರಂತೆ. ನಿಮ್ಮ ಪುಸ್ತಕಗಳ ಕೆಲವು ಭಾಗಗಳು ಕೆಲವು ಕಥೋಲಿಕರನ್ನು ಎಂದೆಂದಿಗೂ ನೋಯಿಸುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಜಗದ್ಗುರುಗಳು ಮುಗುಳ್ನಕ್ಕರು. 1953ರಲ್ಲಿ, ಇನ್ನೂ ಮಾನ್ಸಿಞೋರ್ ಮೊಂತಿನಿಯಾಗಿದ್ದಾಗ, ಪುಸ್ತಕವನ್ನು ಸಮರ್ಥಿಸಿ ಅದೇ ಕಾರ್ಯಾಲಯಕ್ಕೆ ತಾವೇ ಪತ್ರ ಬರೆದಿದ್ದ ಸಂಗತಿ ಗ್ರೀನ್ ಕೊಟ್ಟಿರುವ ಆ ಭೇಟಿಯ ವಿವರದಲ್ಲಿಲ್ಲ. ಪತ್ರ ಬೆಳಕಿಗೆ ಬಂದದ್ದು ಕಡತಗಳು ತೆರೆದ ಮೇಲೆ. ಅಷ್ಟರಲ್ಲಿ, 1991ರಲ್ಲಿ, ಗ್ರೀನ್ ತೀರಿಕೊಂಡಿದ್ದರು.